ಕಡಲು ದಾಟಿದ ಕೊಂಬುಗಳು

ಗೊರೂರು, ಅರಕಲಗೂಡು, ಹೊಳೆನರಸೀಪುರದ ಕಡೆ ಹಳೆಯ ತೊಟ್ಟಿಮನೆಗಳಿಗೆ ಹೋದರೆ ಪಡಸಾಲೆಯ ಗೋಡೆಯ ಮೇಲೆ ಕಡವೆಯ ಕೊಂಬು ಇವತ್ತಿಗೂ ಅಲ್ಲೊಂದು ಇಲ್ಲೊಂದು ಕಣ್ಣಿಗೆ ಬೀಳುತ್ತದೆ. ಪೇಟ, ಟವೆಲು, ಕೊಡೆ ನೇತುಹಾಕಿ ಅದರ ತುದಿಗಳು ನುಣುಪಾಗಿವೆ. ಯಾರ ಈಡಿಗೆ ಬಿದ್ದದ್ದು ಎಂದು ಕೇಳಿದರೆ ‘ಮುತ್ತಾತನ ಕಾಲದ್ದು’ ಎನ್ನುವ ಉತ್ತರಕ್ಕಿಂತ ಹೆಚ್ಚಿನದು ಸಿಗುವುದಿಲ್ಲ. ಹೇಮಾವತಿಯ ಮೇಲುಭಾಗದಲ್ಲಿ, ಸಕಲೇಶಪುರದ ತೋಟಗಳ ಹಳೆಯ ಬಂಗಲೆಗಳಲ್ಲಿ, ಕಾಟಿಯ ತಲೆಗಳಿದ್ದವು. ಇಲ್ಲಿ ಉಳಿದದ್ದು ಇಷ್ಟು. ಉಪ್ಪು ಸವರಿಸಿಕೊಂಡು, ಪೆಟ್ಟಿಗೆ ಸೇರಿ, ಹಡಗು ಹತ್ತಿ ಹೋದದ್ದು ಬೇರೆಯೇ ಇದೆ.

ಇವತ್ತು ‘ಶಿಕಾರಿ ಟ್ರೋಫಿ’ ಎಂದರೆ ಆಫ್ರಿಕಾ ನೆನಪಾಗುತ್ತದೆ. ಅಮೆರಿಕದವನೋ ಯುರೋಪಿನವನೋ ಕೋವಿಯೊಂದಿಗೆ ವಿಮಾನ ಹತ್ತಿ ನಮೀಬಿಯಾಕ್ಕೋ ದಕ್ಷಿಣ ಆಫ್ರಿಕಾಕ್ಕೋ ಹೋಗುತ್ತಾನೆ, ಸಿಂಹವನ್ನೋ ಕಾಡೆಮ್ಮೆಯನ್ನೋ ಹೊಡೆಯುತ್ತಾನೆ, ತಲೆಯನ್ನು ಮನೆಗೆ ತರಿಸಿಕೊಳ್ಳುತ್ತಾನೆ. ಅದನ್ನು ಓದುವಾಗ ನಮಗೆ ಅದು ದೂರದ ಸುದ್ದಿ. ಒಂದು ಕಾಲಕ್ಕೆ ಆ ಆಫ್ರಿಕಾದ ಜಾಗದಲ್ಲಿ ನಾವೇ ಇದ್ದೆವು. ಕೋವಿ ಹಿಡಿದು ಬರುತ್ತಿದ್ದವರು ಬರುತ್ತಿದ್ದದ್ದು ಇಲ್ಲಿಗೆ, ಚರ್ಮ ಹೋಗುತ್ತಿದ್ದದ್ದು ಇಲ್ಲಿಂದ.

ರಾಬರ್ಟ್ ಹೆನ್ರಿ ಎಲಿಯಟ್ ಎಂಬ ಸ್ಕಾಟ್ಲೆಂಡಿನ ಯುವಕ ಕಾಫಿ ಬೆಳೆಯಲೆಂದು ಮಂಜರಾಬಾದಿಗೆ, ಅಂದರೆ ಇಂದಿನ ಸಕಲೇಶಪುರ ಸೀಮೆಗೆ, ಬಂದದ್ದು 1850ರ ದಶಕದಲ್ಲಿ. ಶಿರಾಡಿ ಘಾಟಿಯಲ್ಲಿ ರೈಲು ಓಡುವುದಕ್ಕೆ ಇನ್ನೂ ನೂರಕ್ಕೂ ಹೆಚ್ಚು ವರ್ಷ ಬಾಕಿಯಿತ್ತು. ಆತ ಬರೆದ ಎರಡು ಪುಸ್ತಕಗಳು 1871ರಲ್ಲಿ ಮತ್ತು 1894ರಲ್ಲಿ ಹೊರಬಂದವು. ಎರಡನೆಯದರ ಹೆಸರು ‘ಗೋಲ್ಡ್, ಸ್ಪೋರ್ಟ್ ಅಂಡ್ ಕಾಫಿ ಪ್ಲಾಂಟಿಂಗ್ ಇನ್ ಮೈಸೂರ್’. ಕೋಲಾರದ ಚಿನ್ನ, ಮಲೆನಾಡಿನ ಹುಲಿ ಮತ್ತು ಕಾಟಿ, ತೋಟದ ಕಾಫಿ ಮೂರೂ ಒಂದೇ ಉಸಿರಿನಲ್ಲಿ ಬರುತ್ತವೆ. ಹೊರಗಿನಿಂದ ಬಂದವನ ಕಣ್ಣಿಗೆ ಈ ನಾಡು ಕೊಡಬಲ್ಲದ್ದು ಈ ಮೂರನ್ನು ಎಂಬ ಲೆಕ್ಕ ಮುಖಪುಟದಲ್ಲೇ ಇದೆ. ಎಲಿಯಟ್ ಕಾಡನ್ನು ಕಣ್ಣುಬಿಟ್ಟು ನೋಡಿದವನು, ಅದನ್ನು ಅಲ್ಲಗಳೆಯಲಾರೆ. ನೆರಳಿನ ಮರಗಳ ಬಗ್ಗೆ, ಮಣ್ಣಿನ ಬಗ್ಗೆ ಅವನಿಗಿದ್ದ ತಿಳಿವಳಿಕೆ ದೊಡ್ಡದು. ಸ್ಕಾಟ್ಲೆಂಡಿನ ಕ್ಲಿಫ್ಟನ್ ಪಾರ್ಕ್ ಎಂಬ ತನ್ನ ಜಮೀನಿನಲ್ಲಿ ಆತ ನಡೆಸಿದ ಹುಲ್ಲುಗಾವಲಿನ ಪ್ರಯೋಗ ಕೃಷಿಶಾಸ್ತ್ರದಲ್ಲಿ ಹೆಸರಾಯಿತು. ಆದರೆ ಅವನು ಹುಲಿ ಹೊಡೆದ ಸಂದರ್ಭಗಳಲ್ಲಿ ಸೋವು ನಡೆಸಿದವರು, ಹಳ್ಳದಾಚೆಯಿಂದ ಡೋಲು ಬಡಿದು ಕೂಗಿದವರು, ಗಾಯಗೊಂಡ ಹುಲಿಯ ಹಿಂದೆ ರಕ್ತದ ಜಾಡು ಹಿಡಿದು ಹೋದವರು ನಮ್ಮ ಊರುಗಳವರು. ಹುಲಿಯ ಚರ್ಮ ಯಾರ ಪಾಲಿಗೆ ಎಂಬ ಪ್ರಶ್ನೆಯೇ ಆಗ ಹುಟ್ಟುತ್ತಿರಲಿಲ್ಲ.

ಮೈಸೂರಿನ ಕಾರ್ಖಾನೆ

ಹೊಡೆದ ಪ್ರಾಣಿ ಕೊಳೆಯದೆ ಇಂಗ್ಲೆಂಡಿನ ಗೋಡೆ ಸೇರಬೇಕಾದರೆ ನಡುವೆ ಒಬ್ಬ ಕುಶಲಕರ್ಮಿ ಬೇಕು. ಆ ಕೆಲಸಕ್ಕೆ ಜಗತ್ತಿನಲ್ಲೇ ಹೆಸರಾದ ಮನೆ ಮೈಸೂರಿನಲ್ಲಿತ್ತು: ‘ವ್ಯಾನ್ ಇಂಗೆನ್ ಅಂಡ್ ವ್ಯಾನ್ ಇಂಗೆನ್’. ಯುಜೀನ್ ವ್ಯಾನ್ ಇಂಗೆನ್ 1900ರ ಸುಮಾರಿಗೆ ಶುರುಮಾಡಿದ ಈ ಉದ್ಯಮವನ್ನು ಮಕ್ಕಳಾದ ಬೋಥಾ, ಡಿ ವೆಟ್, ಜೂಬರ್ಟ್ ಬೆಳೆಸಿದರು. ಮೂರೂ ಹೆಸರುಗಳು ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದ ಸೇನಾನಿಗಳವು. ಆ ಯುದ್ಧದ ಕಾಲದಲ್ಲೇ ಕಾರ್ಖಾನೆಯೂ ಹುಟ್ಟಿತ್ತು.

ಅವರ ಕೆಲಸದ ಬಗೆ ಗಮನಿಸುವಂಥದ್ದು. ಕಾಡಿನಲ್ಲಿ ಸುಲಿದ ಚರ್ಮವನ್ನು ಬೇಟೆಗಾರ ಉಪ್ಪು ಹಚ್ಚಿ, ನೆರಳಲ್ಲಿ ಒಣಗಿಸಿ, ತಲೆಬುರುಡೆಯೊಂದಿಗೆ ಕಳಿಸಬೇಕು. ಹೇಗೆ ಸುಲಿಯಬೇಕು, ಕಿವಿ ತುಟಿಗಳ ಒಳಭಾಗವನ್ನು ಹೇಗೆ ಬಿಡಿಸಬೇಕು ಎಂದು ತಿಳಿಸುವ ಕೈಪಿಡಿಯನ್ನು ಅವರೇ ಅಚ್ಚುಹಾಕಿಸಿ ಹಂಚುತ್ತಿದ್ದರು. ಮಲೆನಾಡಿನ ಮಳೆಗಾಲದಲ್ಲಿ ಎರಡು ದಿನ ತಡವಾದರೂ ಕೂದಲು ಕಿತ್ತುಬರುತ್ತದೆ. ಮೈಸೂರಿಗೆ ಬಂದ ಚರ್ಮವನ್ನು ಹದಮಾಡಿ, ಅಚ್ಚಿನಲ್ಲಿ ಕಾಗದದ ರೊಟ್ಟು ಒತ್ತಿ ಮಾಡಿದ ಟೊಳ್ಳು ಮೈಗೆ ಎಳೆದು ಹೊಲಿಯುತ್ತಿದ್ದರು. ಹೊಟ್ಟು ತುರುಕಿ ಉಬ್ಬಿಸಿದ ಹಳೆಯ ಮಾದರಿಗಿಂತ ಇದು ಹಗುರ. ಹಡಗಿನ ಸಾಗಣೆಗೆ ಹಗುರವೇ ಬೇಕು. ಮೈಸೂರಿನ ಕೆಲಸಗಾರರು ಹಲ್ಲು ಕಿರಿದ ಹುಲಿಯ ಮುಖದ ಒಂದೊಂದು ಸುಕ್ಕನ್ನೂ ಕೈಯಿಂದ ತೀಡುತ್ತಿದ್ದರು. ಹತ್ತಾರು ಸಾವಿರ ಹುಲಿ ಚಿರತೆಗಳು ಈ ಒಂದು ಕಾರ್ಖಾನೆಯ ಬಾಗಿಲು ಹಾದು ಹೋಗಿವೆ. ಬ್ರಿಟನ್ನಿನ ಹರಾಜು ಮನೆಗಳಲ್ಲಿ ಇವತ್ತಿಗೂ ಅವರ ಹೆಸರಿನ ತಲೆಗಳು ಮಾರಾಟಕ್ಕೆ ಬರುತ್ತವೆ.

ವ್ಯಾನ್ ಇಂಗೆನ್ ಸೋದರರು ಬರೀ ಕುಶಲಕರ್ಮಿಗಳಾಗಿರಲಿಲ್ಲ, ಹೊಳೆ ಕಾಡು ಬಲ್ಲವರು. ಡಿ ವೆಟ್ 1946ರಲ್ಲಿ ಕಬಿನಿಯಲ್ಲಿ ಗಾಳದಿಂದ ಹಿಡಿದ 120 ಪೌಂಡಿನ ಮಹಶೀರ್ ಮೀನಿನ ದಾಖಲೆ ಹೊಳೆ ಬಲ್ಲವರ ನಡುವೆ ಇನ್ನೂ ಮಾತಿನಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹೊಸ ಚರ್ಮ ಬರುವುದು ನಿಂತಿತು. ಕಾರ್ಖಾನೆ ಸೊರಗುತ್ತ ಬಂದು 1990ರ ದಶಕದ ಕೊನೆಗೆ ಮುಚ್ಚಿತು. ಕೊನೆಯ ತಮ್ಮ ಜೂಬರ್ಟ್ ನೂರು ವರ್ಷ ದಾಟಿ 2013ರಲ್ಲಿ ತೀರಿಕೊಂಡರು.

ಬೇಟೆಯಿಂದ ರಕ್ಷಣೆಗೆ ನಾಡು ಹೊರಳಿದ ಹೊತ್ತನ್ನೂ ಮೈಸೂರಿನಲ್ಲೇ ನೋಡಬಹುದು. 1941ರಲ್ಲಿ ಬಂಡೀಪುರದಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನ ಆಯಿತು. 1952ರಲ್ಲಿ ಭಾರತದ ವನ್ಯಜೀವಿ ಮಂಡಳಿ ರಚನೆಯಾದಾಗ ಅದರ ಮೊದಲ ಅಧ್ಯಕ್ಷರಾದವರು ಜಯಚಾಮರಾಜ ಒಡೆಯರ್. ಅವರು ಸ್ವತಃ ಬೇಟೆಗಾರರು. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಥೆಗಳನ್ನು ಓದಿ ಬೆಳೆದ ನಮ್ಮ ತಲೆಮಾರಿಗೂ ಕೋವಿ ಮತ್ತು ಕಾಡಿನ ಪ್ರೀತಿ ಒಟ್ಟಿಗೇ ಬಂದವು. ಅವೆರಡನ್ನೂ ಬಿಡಿಸಿ ನೋಡಲು ನಮಗೆ ಬಹಳ ಕಾಲ ಹಿಡಿಯಿತು.

ಒಂದು ಕೋವಿ, ಒಂದು ಪೆಟ್ಟಿಗೆ

ನಮ್ಮಲ್ಲಿ ಬೇಟೆ ನಿಂತ ಮೇಲೂ ಆಸೆ ನಿಲ್ಲದವರು, ಕೈಯಲ್ಲಿ ಹಣವಿರುವವರು, ಭಾರತದಿಂದಲೂ ಆಫ್ರಿಕಾಕ್ಕೆ ಹೋಗಿಬರುತ್ತಾರೆ. ಹಾಗೆ ಹೊರಟವರ ಕೋವಿಯ ದಾರಿಯನ್ನು ಸ್ವಲ್ಪ ಹಿಂಬಾಲಿಸೋಣ.

ಹಾಸನ ಜಿಲ್ಲೆಯಲ್ಲಿ ಬೆಳೆರಕ್ಷಣೆಗೆ, ಆತ್ಮರಕ್ಷಣೆಗೆ ಲೈಸೆನ್ಸ್ ಪಡೆದ ಕೋವಿಗಳಿವೆ. ಹೆಚ್ಚಿನವು ಹನ್ನೆರಡು ಬೋರಿನ ಒಂಟಿ ನಳಿಗೆ, ಜೋಡು ನಳಿಗೆಯವು. ಚುನಾವಣೆ ಬಂತೆಂದರೆ ಅವು ಠಾಣೆಗೆ ಹೋಗಿ ಜಮೆಯಾಗುತ್ತವೆ. ಅರಕಲಗೂಡು ತಾಲ್ಲೂಕಿನ ಗಡಿ ದಾಟಿ ಶನಿವಾರಸಂತೆಯ ಕಡೆಗೆ ಹೋದರೆ ಕೊಡಗು. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ. ಬ್ರಿಟಿಷರ ಕಾಲದ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ, ಹೈಕೋರ್ಟೂ 2021ರಲ್ಲಿ ಎತ್ತಿಹಿಡಿದಿದೆ. ನಮ್ಮ ಕಡೆಯ ಲೈಸೆನ್ಸುದಾರನಿಗೆ 2019ರ ತಿದ್ದುಪಡಿಯ ನಂತರ ಎರಡು ಕೋವಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ.

ಇಂಥ ಕೋವಿಯನ್ನು ದೇಶದ ಹೊರಗೆ ಒಯ್ಯುವುದು, ಮತ್ತೆ ಒಳಗೆ ತರುವುದು ಎರಡೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಹಿಡಿತದಲ್ಲಿವೆ. ಅನುಮತಿ ಬೇಕು, ಕಸ್ಟಮ್ಸಿನಲ್ಲಿ ಕೋವಿಯ ನಂಬರು ದಾಖಲಾಗಬೇಕು. ಇಲ್ಲದಿದ್ದರೆ ಹೊರಟ ಕೋವಿ ವಾಪಸ್ ಬರುವಾಗ ಹೊಸ ಆಮದು ಎನಿಸಿಕೊಳ್ಳುತ್ತದೆ. ವಿಮಾನ ಕಂಪನಿಗೆ ಮೊದಲೇ ತಿಳಿಸಬೇಕು. ಕೋವಿ ಗಟ್ಟಿ ಪೆಟ್ಟಿಗೆಯಲ್ಲಿ, ಖಾಲಿಯಾಗಿ, ಬೀಗ ಹಾಕಿಕೊಂಡು ಸರಕಿನ ಹೊಟ್ಟೆಗೆ ಹೋಗಬೇಕು. ತೋಟಾಗಳನ್ನು ಬೇರೆಯಾಗಿ ಕಟ್ಟಬೇಕು, ಒಬ್ಬರಿಗೆ ಐದು ಕೆ.ಜಿ.ಗಿಂತ ಹೆಚ್ಚಿಲ್ಲ. ನಡುವೆ ವಿಮಾನ ಬದಲಿಸುವ ದೇಶದ ಕಾನೂನು ಬೇರೆ. ಪ್ರಯಾಣಿಕ ಹೊರಗೆ ಕಾಲಿಡದಿದ್ದರೂ ಅವನ ಕೋವಿ ಅಲ್ಲಿನ ನೆಲದ ಮೇಲೆ ಇಳಿದಿರುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಇಳಿದ ಮೇಲೆ ಪೊಲೀಸರ 520ನೇ ನಮೂನೆಯ ಅರ್ಜಿ ತುಂಬಬೇಕು. ಜೊತೆಗೆ ಬೇಟೆ ನಡೆಸುವ ಸಂಸ್ಥೆಯ ಆಹ್ವಾನ ಪತ್ರ, ಕೋವಿಯ ಮಾಲೀಕತ್ವದ ದಾಖಲೆ, ವಾಪಸ್ ಟಿಕೆಟ್. ಪೊಲೀಸರ ಎದುರಿಗೇ ಸಹಿ ಆಗಬೇಕು.

ಇಷ್ಟೆಲ್ಲ ಆದರೂ ನಮ್ಮ ತೋಟದ ಹನ್ನೆರಡು ಬೋರು ಅಲ್ಲಿ ದೊಡ್ಡ ಪ್ರಾಣಿಗೆ ಸಲ್ಲುವುದಿಲ್ಲ. ಆನೆ, ಕಾಡೆಮ್ಮೆಯಂಥವಕ್ಕೆ ಆಫ್ರಿಕಾದ ಹಲವು ದೇಶಗಳು ಪಾಯಿಂಟ್ 375ಕ್ಕಿಂತ ಕಡಿಮೆಯ ರೈಫಲ್ಲನ್ನು ಒಪ್ಪುವುದಿಲ್ಲ. ಗಾಯವಾಗಿ ನರಳುವ ಪ್ರಾಣಿ ಅದಕ್ಕೂ ಹಿಂಸೆ, ಸುತ್ತಲಿನ ಹಳ್ಳಿಗೂ ಅಪಾಯ. ಹಾಗಾಗಿ ಬಹಳ ಮಂದಿ ಕೋವಿಯನ್ನು ಅಲ್ಲೇ ಬಾಡಿಗೆಗೆ ಪಡೆಯುತ್ತಾರೆ.

ಕೋವಿಯ ಕತೆ ಇಲ್ಲಿಗೆ ಮುಗಿಯುತ್ತದೆ. ತಲೆಯ ಕತೆ ಇದಕ್ಕಿಂತ ಉದ್ದ. ಪ್ರಾಣಿ ಬಿದ್ದ ಕ್ಷಣದಿಂದ ಅದಕ್ಕೊಂದು ಚೀಟಿ. ಸುಲಿದು ಉಪ್ಪು ಹಾಕುವುದು ವ್ಯಾನ್ ಇಂಗೆನ್ ಕಾಲದ ಕ್ರಮವೇ. ಬುರುಡೆಯನ್ನು ಕುದಿಸಿ, ಮಾಂಸ ಬಿಡಿಸಿ, ಬಿಳುಪು ಮಾಡುತ್ತಾರೆ. ಆಮೇಲೆ ಸರ್ಕಾರ ಒಪ್ಪಿದ ಕೇಂದ್ರದಲ್ಲಿ ರೋಗನಾಶಕದಲ್ಲಿ ಅದ್ದಿ ತೆಗೆದು ಕಟ್ಟಬೇಕು. ಕಾಲುಬಾಯಿ ಜ್ವರದ ಹೆಸರು ಕೇಳಿದರೆ ಬೆಚ್ಚುವ ನಮ್ಮ ಚನ್ನರಾಯಪಟ್ಟಣದ ಹಾಲು ಉತ್ಪಾದಕರಿಗೆ ಇದರ ಕಾರಣ ಬೇರೆ ಹೇಳಬೇಕಾಗಿಲ್ಲ: ಆಫ್ರಿಕಾದ ಕಾಡೆಮ್ಮೆಗಳ ಮೈಯಲ್ಲಿ ಆ ವೈರಾಣು ಸದ್ದಿಲ್ಲದೆ ಇರುತ್ತದೆ. ಪಶುವೈದ್ಯರ ಸರ್ಟಿಫಿಕೇಟು ಬೇಕು. ಪೆಟ್ಟಿಗೆಯ ಮರಕ್ಕೂ ಹುಳ ಹತ್ತದಂತೆ ಉಪಚಾರ ಆಗಿರಬೇಕು. ಇದೆಲ್ಲಕ್ಕಿಂತ ದೊಡ್ಡ ಕಾಗದ ಸೈಟಿಸ್ ಪರವಾನಗಿ. ಅಳಿವಿನ ಅಂಚಿನ ಜೀವಿಗಳ ವ್ಯಾಪಾರವನ್ನು ಕಟ್ಟಿಹಾಕಲು 1973ರಲ್ಲಿ ವಾಷಿಂಗ್ಟನ್ನಿನಲ್ಲಿ ಆದ ಆ ಒಪ್ಪಂದವನ್ನು ಭಾರತ 1976ರಲ್ಲಿ ಒಪ್ಪಿಕೊಂಡಿತು. ಅದರ ಮೊದಲ ಪಟ್ಟಿಯಲ್ಲಿರುವ ಚಿರತೆಯ ಚರ್ಮಕ್ಕೆ ಕಳಿಸುವ ದೇಶವೂ ಒಪ್ಪಬೇಕು, ತರಿಸಿಕೊಳ್ಳುವ ದೇಶವೂ ಒಪ್ಪಬೇಕು.

2022ರಲ್ಲಿ ನಮ್ಮ ವನ್ಯಜೀವಿ ಕಾಯ್ದೆಗೆ ಆದ ತಿದ್ದುಪಡಿ ಸೈಟಿಸ್ ಪಟ್ಟಿಗಳನ್ನು ಕಾಯ್ದೆಯ ಒಳಗೇ ತಂದಿತು. ಅದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ‘ಅದು ನಮ್ಮ ದೇಶದ ಪ್ರಾಣಿಯಲ್ಲವಲ್ಲ’ ಎಂಬ ಹಳೆಯ ಸಬೂಬು ಅಲ್ಲಿಗೆ ಸತ್ತಿತು. ದಂತದ ವಿಷಯದಲ್ಲಂತೂ 1991ರಲ್ಲೇ ಆಮದು ದಂತದ ವ್ಯಾಪಾರವನ್ನೂ ಕಾಯ್ದೆ ನಿಷೇಧಿಸಿತ್ತು. ಬೀಟೆ ಮರದಲ್ಲಿ ದಂತ ಕೂರಿಸುತ್ತಿದ್ದ ಮೈಸೂರಿನ ಕೆತ್ತನೆಗಾರರು ಪ್ಲಾಸ್ಟಿಕ್ಕಿಗೆ ತಿರುಗಿದರು. ಆ ಕಲೆ ಸಾಯಲಿಲ್ಲ ಎಂಬುದನ್ನು ಅಂಗಡಿಗೆ ಹೋಗಿ ನೋಡಿದವರು ಬಲ್ಲರು.

ಗೋಡೆಯ ಆಸೆಗೆ ಮತ್ತೊಂದು ಏಟು ಬಿದ್ದದ್ದು 2015ರಲ್ಲಿ. ಜಿಂಬಾಬ್ವೆಯ ಹ್ವಾಂಗೆ ರಾಷ್ಟ್ರೀಯ ಉದ್ಯಾನದ ಸೆಸಿಲ್ ಎಂಬ ಸಿಂಹವನ್ನು ಅಮೆರಿಕದ ದಂತವೈದ್ಯನೊಬ್ಬ ಹೊಡೆದ ಸುದ್ದಿ ಜಗತ್ತನ್ನೇ ಕೆರಳಿಸಿತು. ಸಿಂಹ, ಆನೆ, ಘೇಂಡಾಮೃಗಗಳ ತಲೆಗಳನ್ನು ಇನ್ನು ಹೊರುವುದಿಲ್ಲ ಎಂದು ಹಲವು ವಿಮಾನ ಕಂಪನಿಗಳು ಆ ವರ್ಷ ಘೋಷಿಸಿದವು. ಫ್ರಾನ್ಸ್ ಸಿಂಹದ ತಲೆಗಳ ಆಮದನ್ನೇ ನಿಲ್ಲಿಸಿತು.

ಆನೆ ಯಾರದು

ಇಲ್ಲಿಯವರೆಗೆ ಹೇಳಿದ್ದರಲ್ಲಿ ನನಗೆ ತಕರಾರಿಲ್ಲ. ಆದರೆ ಬೋಟ್ಸ್ವಾನಾದ ಆಗಿನ ಅಧ್ಯಕ್ಷ ಮಾಸಿಸಿ 2024ರ ಏಪ್ರಿಲ್‌ನಲ್ಲಿ ಜರ್ಮನಿಗೆ ಹೇಳಿದ ಮಾತನ್ನು ಹಾಸನ ಜಿಲ್ಲೆಯವರು ಹಗುರವಾಗಿ ತಳ್ಳಿಹಾಕಬಾರದು. ಟ್ರೋಫಿ ಆಮದಿಗೆ ಕಟ್ಟುಪಾಡು ಬಿಗಿಮಾಡುವ ಮಾತು ಜರ್ಮನಿಯಲ್ಲಿ ಬಂದಾಗ, ನಿಮ್ಮ ದೇಶಕ್ಕೇ 20,000 ಆನೆಗಳನ್ನು ಕಳಿಸುತ್ತೇವೆ, ಅವುಗಳೊಂದಿಗೆ ಬಾಳಿ ನೋಡಿ ಎಂಬರ್ಥದಲ್ಲಿ ಅವರು ಉತ್ತರಿಸಿದರು. ಅವರ ದೇಶದಲ್ಲಿ ಸುಮಾರು 1,30,000 ಆನೆಗಳಿವೆ. 2014ರಲ್ಲಿ ಬೇಟೆ ನಿಷೇಧಿಸಿದ್ದ ಬೋಟ್ಸ್ವಾನಾ 2019ರಲ್ಲಿ ಅದನ್ನು ತೆರವು ಮಾಡಿತ್ತು.

ಆಲೂರು, ಸಕಲೇಶಪುರ, ಬೇಲೂರಿನ ಕಾಫಿ ತೋಟದಲ್ಲಿ ಬೆಳಗಿನ ಜಾವ ಕೆಲಸಕ್ಕೆ ಹೋಗುವ ಹೆಂಗಸರಿಗೆ ಆ ಮಾತಿನ ಒಳಗಿನ ಸಿಟ್ಟು ಥಟ್ಟನೆ ತಿಳಿಯುತ್ತದೆ. 2023ರ ಎಣಿಕೆಯಲ್ಲಿ ಕರ್ನಾಟಕದ ಆನೆಗಳ ಸಂಖ್ಯೆ 6,395, ದೇಶದಲ್ಲೇ ಹೆಚ್ಚು. ಹಾಸನದ ಭಾಗದ ಆನೆಗಳಿಗೆ ಬೆನ್ನಿಗೆ ಒರಗಲು ದೊಡ್ಡ ಕಾಡಿಲ್ಲ. ತೋಟ, ಗದ್ದೆ, ಹಿನ್ನೀರು, ಕಾಲುವೆ, ರಸ್ತೆಗಳ ನಡುವೆ ಅವು ಓಡಾಡುತ್ತವೆ. ಹೈಕೋರ್ಟಿನ ಸೂಚನೆಯಂತೆ ರಚನೆಯಾಗಿ ರಾಮನ್ ಸುಕುಮಾರ್ ನೇತೃತ್ವದಲ್ಲಿ ವರದಿ ಕೊಟ್ಟ ಆನೆ ಕಾರ್ಯಪಡೆ ರಾಜ್ಯವನ್ನು ವಲಯಗಳಾಗಿ ವಿಂಗಡಿಸಿ, ಈ ಭಾಗದ ಆನೆಗಳನ್ನು ಹಿಡಿದು ಸಾಗಿಸಬೇಕೆಂದಿತು. 2014ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದದ್ದೂ ಆಯಿತು. ಮತ್ತೆ ಬಂದವು. ತೆರವಾದ ಜಾಗಕ್ಕೆ ಬೇರೆಯವು ಬರುತ್ತವೆ ಎಂಬುದನ್ನು ಆಲೂರಿನ ರೈತರು ಆಗಲೇ ಹೇಳಿದ್ದರು.

ನಮೀಬಿಯಾದಲ್ಲಿ 1996ರ ಕಾನೂನು ಹಳ್ಳಿಗಳ ಒಕ್ಕೂಟಗಳಿಗೆ ತಮ್ಮ ಸೀಮೆಯ ವನ್ಯಜೀವಿಗಳ ಮೇಲೆ ಹಕ್ಕು ಕೊಟ್ಟಿತು. ಬೇಟೆಗಾರ ಕೊಟ್ಟ ಹಣದಲ್ಲಿ ಪಾಲು, ಮಾಂಸ, ಕಾವಲುಗಾರರ ಸಂಬಳ ಆ ಒಕ್ಕೂಟಕ್ಕೆ ಬರುತ್ತದೆ. 2014ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ ನಮೀಬಿಯಾದ ಒಂದು ಕಪ್ಪು ಘೇಂಡಾಮೃಗದ ಬೇಟೆಯ ಪರವಾನಗಿ 3,50,000 ಡಾಲರಿಗೆ ಹರಾಜಾಯಿತು. ಎಷ್ಟೋ ಕಡೆ ಹಣ ಹಳ್ಳಿಗೆ ತಲುಪುವ ಮುಂಚೆಯೇ ಸೋರುತ್ತದೆ ಎಂಬ ದೂರುಗಳೂ ಇವೆ, ಅವು ಸುಳ್ಳಲ್ಲ. ಆದರೂ ಆನೆಯ ಪಕ್ಕದಲ್ಲಿ ಮಲಗುವವನ ಮಾತಿಗೆ ಅಲ್ಲಿ ಕಾನೂನಿನಲ್ಲಿ ಒಂದು ಜಾಗವಿದೆ. ನಮ್ಮಲ್ಲಿ ಅವನಿಗಿರುವುದು ಪರಿಹಾರದ ಅರ್ಜಿ. ಆನೆ ತುಳಿದು ಸತ್ತವರ ಮನೆಗೆ ಕೊಡುವ ಮೊತ್ತ 2022ರ ಕೊನೆಯಲ್ಲಿ ಏಳೂವರೆ ಲಕ್ಷದಿಂದ 15 ಲಕ್ಷಕ್ಕೆ ಏರಿತು. ಏರಿದ್ದು ಒಳ್ಳೆಯದೇ. ತುಳಿದ ಗದ್ದೆಯ ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವುದು ನಿಂತಿಲ್ಲ.

ಹಾಗಾದರೆ ಇಲ್ಲೂ ಹಣ ಪಡೆದು ಬೇಟೆ ಬಿಡೋಣವೇ ಎಂದು ಕೇಳುವವರು ನಮ್ಮ ತಾಲ್ಲೂಕಿನಲ್ಲೇ ಇದ್ದಾರೆ. ಬೇಡ ಎನ್ನಲು ನನಗೆ ಕಾಡಿನ ಲೆಕ್ಕವೇ ಸಾಕು. ಆಫ್ರಿಕಾದ ಆನೆಯಲ್ಲಿ ಗಂಡು ಹೆಣ್ಣು ಎರಡಕ್ಕೂ ದಂತವಿದೆ. ನಮ್ಮಲ್ಲಿ ಉದ್ದ ದಂತ ಬರುವುದು ಗಂಡಿಗೆ ಮಾತ್ರ, ಅದರಲ್ಲೂ ಎಲ್ಲಕ್ಕಲ್ಲ. ಗೋಡೆಗೆ ದಂತ ಬೇಕೆನ್ನುವವನು ಸಲಗವನ್ನೇ ಹುಡುಕುತ್ತಾನೆ. ದಂತಚೋರರು ಹೀಗೆ ಗಂಡುಗಳನ್ನೇ ಆರಿಸಿ ಕೊಂದದ್ದರಿಂದ ಕೇರಳದ ಪೆರಿಯಾರ್ ಕಾಡಿನಲ್ಲಿ ಒಂದು ಕಾಲಕ್ಕೆ ಒಂದು ಬೆಳೆದ ಗಂಡಿಗೆ ನೂರರ ಆಸುಪಾಸಿನಷ್ಟು ಹೆಣ್ಣಾನೆಗಳು ಉಳಿದಿದ್ದವು. ಇಷ್ಟು ಒತ್ತಾಗಿ ಜನ ಬಾಳುವ ತೋಟಗಳ ನಡುವೆ ಗುಂಡು ತಗುಲಿದ ಸಲಗ ಓಡಿದರೆ ಅದು ಹೋಗುವುದು ಕೂಲಿ ಲೈನುಗಳ ಕಡೆಗೆ.

ನಮ್ಮ ಕಾಡಿನಲ್ಲಿ ಇವತ್ತು ಆನೆಯ ಕಡೆಗೆ ಗುರಿಯಿಡಬೇಕಾದದ್ದು ಅರಿವಳಿಕೆಯ ಕೋವಿ. ಅದನ್ನು ಹಿಡಿದವರ ಬಾಳು ಶಿಕಾರಿಯವರ ಸಾಹಸಕಥೆಗಳಂತಿಲ್ಲ. 2023ರ ಆಗಸ್ಟ್ ಕೊನೆಯಲ್ಲಿ ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡಿದ್ದ ಸಲಗವೊಂದಕ್ಕೆ ಚಿಕಿತ್ಸೆ ಕೊಡಲೆಂದು ಅರಿವಳಿಕೆ ಚುಚ್ಚುಮದ್ದು ಹೊಡೆದ ಅನುಭವಿಯೊಬ್ಬರು ಅದೇ ಆನೆಗೆ ಬಲಿಯಾದರು. ಅದೇ ವರ್ಷ ಡಿಸೆಂಬರ್ 4ರಂದು ಯಸಳೂರಿನ ಬಳಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಅರ್ಜುನ ಎಂಬ ಸಾಕಾನೆ ಸತ್ತ. ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿ ಹೊತ್ತವನು. ಸಕಲೇಶಪುರದ ಜನ ಅವನಿಗಾಗಿ ಅತ್ತದ್ದನ್ನು ನಾಡು ನೋಡಿದೆ. ಆನೆಯಿಂದ ಬೆಳೆ ಕಳೆದುಕೊಂಡವರೂ ಆ ಗುಂಪಿನಲ್ಲಿದ್ದರು.

ಇನ್ನು ನಮ್ಮ ಅಟ್ಟಗಳಲ್ಲಿ ಉಳಿದಿರುವುದರ ಮಾತು. ಕಾನೂನಿನ ಪ್ರಕಾರ ಕೊಂಬು, ಉಗುರಿನಂಥ ವಸ್ತುವಿಗೆ ಅರಣ್ಯ ಇಲಾಖೆಯ ಮಾಲೀಕತ್ವದ ಪ್ರಮಾಣಪತ್ರ ಇರಬೇಕು. ಘೋಷಿಸಿಕೊಳ್ಳಲು 2003ರಲ್ಲಿ ದೇಶದಾದ್ಯಂತ 180 ದಿನಗಳ ಅವಕಾಶ ಸಿಕ್ಕಿತ್ತು. ನಮ್ಮ ಹಳ್ಳಿಗಳಲ್ಲಿ ಅದು ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಕಿರುತೆರೆ ಕಾರ್ಯಕ್ರಮದ ಸ್ಪರ್ಧಿಯೊಬ್ಬರು ಹುಲಿಯುಗುರಿನ ಪದಕ ತೊಟ್ಟು ಬಂಧನಕ್ಕೊಳಗಾದ ಮೇಲೆ ಮನೆಮನೆಯಲ್ಲೂ ದಿಗಿಲು ಹುಟ್ಟಿತು. ಕೊಂಬು, ಉಗುರುಗಳನ್ನು ರಾತ್ರೋರಾತ್ರಿ ಸುಟ್ಟವರು, ಹೊಳೆಗೆ ಎಸೆದವರು ಇದ್ದಾರೆ ಎಂಬ ಮಾತು ನಮ್ಮ ಕಡೆ ಕೇಳಿಬಂತು.

ಹಾಗೆ ಸುಡುವುದು ದೊಡ್ಡ ನಷ್ಟ, ಅದಕ್ಕೆ ಕಾರಣ ಬೆಂಗಳೂರಿನಲ್ಲೇ ಇದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರು ಬ್ರಿಟನ್ನಿನ ವಸ್ತುಸಂಗ್ರಹಾಲಯಗಳಲ್ಲಿರುವ ವಸಾಹತು ಕಾಲದ ಭಾರತೀಯ ಹುಲಿಗಳ ತುಣುಕುಗಳಿಂದ ಡಿಎನ್‌ಎ ತೆಗೆದು, ಇಂದಿನ ಹುಲಿಗಳೊಂದಿಗೆ ಹೋಲಿಸಿ 2013ರಲ್ಲಿ ಪ್ರಕಟಿಸಿದರು. ತಾಯಿಯಿಂದ ಮಕ್ಕಳಿಗೆ ಬರುವ ಆ ಡಿಎನ್‌ಎಯಲ್ಲಿ ಹಿಂದೆ ಇದ್ದ ಬಗೆಗಳಲ್ಲಿ ಶೇಕಡಾ 93 ಇಂದಿನ ಹುಲಿಗಳಲ್ಲಿ ಕಾಣಲಿಲ್ಲ. ಬೇಟೆಯಲ್ಲಿ ಹೋದದ್ದು ಎಷ್ಟು ಎಂಬುದನ್ನು ಕಡಲು ದಾಟಿ ಹೋದ ಚರ್ಮಗಳೇ ಹೇಳಬೇಕಾಯಿತು. ಹೇಮಾವತಿ ಸೀಮೆಯ ಕಡವೆ, ಕಾಟಿ, ಚಿರತೆಗಳ ಬಗ್ಗೆ ಇಂಥ ಪ್ರಶ್ನೆ ಕೇಳಲು ಬೇಕಾದ ಸಾಕ್ಷಿ ನಮ್ಮ ಪಡಸಾಲೆಗಳಲ್ಲಿದೆ. ಶಿಕ್ಷೆಯ ಭಯವಿಲ್ಲದೆ ಒಪ್ಪಿಸುವ ದಾರಿಯನ್ನು ಅರಣ್ಯ ಇಲಾಖೆ ತಾಲ್ಲೂಕು ಮಟ್ಟದಲ್ಲೇ ತೆರೆಯಲಿ. ಒಪ್ಪಿಸಿದ ಪ್ರತಿಯೊಂದರ ಮೇಲೂ ಊರು, ಕಾಡಿನ ಹೆಸರು, ಮನೆಯವರಿಗೆ ನೆನಪಿದ್ದಷ್ಟು ಕಾಲ ಬರೆಯಲಿ. ನಾಶಮಾಡುವ ಮೊದಲು ಉಗುರಿನಷ್ಟು ತುಣುಕನ್ನು ತೆಗೆದು ಪ್ರಯೋಗಾಲಯಕ್ಕೆ ಕಳಿಸಲಿ. ಆ ಕಾಲದ ನೆನಪಿರುವ ಮುದುಕರು ಅರಕಲಗೂಡಿನಲ್ಲೂ ಆಲೂರಿನಲ್ಲೂ ಇನ್ನೂ ಕೆಲವರು ಇದ್ದಾರೆ, ಕೇಳುವ ಕೆಲಸ ಈ ವರ್ಷವೇ ಶುರುವಾಗಬೇಕು.